ಹದಿನೆಂಟು ಜನರ ಸಾರಿಗೊಂದು ಕಾರು

ಮನುಷ್ಯನಿಗೆ ತನಗೆ ಗೊತ್ತಿಲ್ಲದ ವಿಷಯದಲ್ಲಿ ಇರುವಷ್ಟು ಖಡಾಖಂಡಿತವಾದ ಅಭಿಪ್ರಾಯ ಗೊತ್ತಿರುವ ವಿಷಯದಲ್ಲಿ ಇರುವುದಿಲ್ಲ. ಒಂದು ದಿನವೂ ಒಲೆ ಹಚ್ಚದ ಗಂಡಸರು ಊಟಕ್ಕೆ ಕೂತು ಒಗ್ಗರಣೆಯ ಬಗ್ಗೆ ಮಾತನಾಡುವುದನ್ನು ಕೇಳಿದರೆ ನಿಮಗೇ ತಿಳಿಯುತ್ತದೆ. ಅವರನ್ನೇಕೆ ಅನ್ನಬೇಕು, ನನ್ನನ್ನೇ ತೆಗೆದುಕೊಳ್ಳಿ. ನನಗೆ ಕಾರು ಓಡಿಸಲು ಬರುವುದಿಲ್ಲ. ಒಮ್ಮೆ ಕಲಿಯಲು ಹೋಗಿದ್ದೆ. ಇಪ್ಪತ್ತು ದಿನ ನನ್ನ ಪಕ್ಕದಲ್ಲಿ ಕೂತು ಎರಡನೆಯ ಬ್ರೇಕನ್ನು ಒತ್ತಿ ಒತ್ತಿ ಸುಸ್ತಾದ ಗುರುಗಳು, "ಬೇಜಾರ್ ಮಾಡ್ಕೋಬೇಡಿ ಸಾರ್, ನಿಮಗೆ ಸ್ಕೂಟರೇ ಸರಿ" ಎಂದು ಕೈಮುಗಿದು ಕಳಿಸಿದರು. ಆದರೂ ಐವತ್ತೊಂದನೆಯ ವಯಸ್ಸಿನಲ್ಲಿ ಎರಡು ತಿಂಗಳ ಕಾಲ, ಕಾರು ಎಂದರೆ ಹೇಗಿರಬೇಕು ಎಂದು ನಾನು ಇಡೀ ಜಯನಗರಕ್ಕೆ ಪಾಠ ಹೇಳಿಕೊಂಡು ತಿರುಗಿದೆ.

ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿದ್ದ ಕಾಲ. ಸ್ವಿಚ್ಚು, ಫ್ಯೂಸು ತಯಾರಿಸುವ ನಮ್ಮ ಕಂಪನಿಯಲ್ಲಿ ನನಗೆ ಹಠಾತ್ತಾಗಿ ಬಡ್ತಿ ಬಂತು. ನನ್ನ ಮೇಲಿದ್ದ ಇಬ್ಬರು ಕೆಲಸ ಬಿಟ್ಟಿದ್ದರು, ಹಾಗಾಗಿ ನಾನು ಮೇಲಿನವನಾದೆ. ಆ ದರ್ಜೆಯವರಿಗೆ ಕಂಪನಿಯೇ ಒಂದು ಕಾರನ್ನು ಲೀಸಿಗೆ ಕೊಡಿಸುತ್ತಿತ್ತು, ಅದೂ ಐಷಾರಾಮಿ ಕಾರು. ಸಿಬ್ಬಂದಿ ವಿಭಾಗದ ಹುಡುಗಿ ಫಾರಂ ಕೊಟ್ಟು, "ಸಾರ್, ಲಿಸ್ಟಲ್ಲಿ ಎರಡೇ ಇರೋದು. ಒಂದು ಸೆಡಾನ್, ಇನ್ನೊಂದು ವ್ಯಾಗನ್. ನಾಲ್ಕು ವರ್ಷದ ಲೀಸು. ಒಂದ್ಸಲ ಟಿಕ್ ಹಾಕಿದ್ರೆ ಮುಗೀತು, ಚೇಂಜ್ ಇಲ್ಲ. ಎರಡು ತಿಂಗಳು ಟೈಮಿದೆ, ಯೋಚನೆ ಮಾಡಿ ಹಾಕಿ" ಎಂದಳು. ಯೋಚನೆ ಮಾಡುವುದೇನು ಬಂತು? ಸೆಡಾನು ಎಂದು ಆ ಕ್ಷಣವೇ ನಿರ್ಧರಿಸಿಬಿಟ್ಟೆ. ಇಪ್ಪತ್ತೆರಡು ವರ್ಷ ಒಂದೇ ಸ್ಕೂಟರಿನಲ್ಲಿ ಬಾಳಿದವನು ನಾನು. ಅದರಲ್ಲಿ ಅಕ್ಕಿ ಮೂಟೆ ಬಂದಿದೆ, ಸಿಲಿಂಡರು ಬಂದಿದೆ, ಒಮ್ಮೆ ಮಡಚಿದ ಕಬ್ಬಿಣದ ಮಂಚವೂ ಬಂದಿದೆ. ಇನ್ನು ಮುಂದಾದರೂ ಯಾರೂ ಏನನ್ನೂ ಹೇರಲಾಗದ ಒಂದು ವಾಹನ ನನಗೆ ಬೇಕಿತ್ತು. ಸೆಡಾನಿನ ಹಿಂದೆ ಡಿಕ್ಕಿ ಇರುತ್ತದೆಯಾದರೂ ಅದು ತೆಳ್ಳಗೆ, ಇಳಿಜಾರಾಗಿ, ನಾಲ್ಕು ಸೂಟ್‌ಕೇಸಿಗೆ ಮಾತ್ರ ಮರ್ಯಾದೆ ಕೊಡುವ ಹಾಗಿರುತ್ತದೆ. ವ್ಯಾಗನ್ನಿನ ಛಾವಣಿ ಮಾತ್ರ ಹಿಂದಿನ ತುದಿಯವರೆಗೂ ನೆಟ್ಟಗೆ ಹೋಗಿ, ಅಲ್ಲೊಂದು ದೊಡ್ಡ ಬಾಗಿಲು ತೆರೆದುಕೊಳ್ಳುತ್ತದೆ. ಅಂಥ ಬಾಗಿಲು ಕಂಡರೆ ನೆಂಟರಿಗೆ ಸಾಮಾನು ನೆನಪಾಗುತ್ತದೆ.

ನನ್ನ ಹೆಂಡತಿ ವಿಮಲಾ ಮಾತ್ರ, "ವ್ಯಾಗನ್ನೇ ಇರ್ಲಿ ರೀ" ಎಂದಳು. ಯಾಕೆ ಎಂದು ನಾನು ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಅವರು ನಾಲ್ವರು ಅಕ್ಕತಂಗಿಯರು. ತಿಂಗಳಿಗೊಂದು ಭಾನುವಾರ ಗಿರಿನಗರದ ದೊಡ್ಡಕ್ಕನ ಮನೆಯಲ್ಲಿ ಎಲ್ಲರೂ ಸೇರುವ ಪದ್ಧತಿ. ಹದಿನೆಂಟು ಜನ. ಅಡುಗೆ ಹಂಚಿಕೊಂಡು ಮಾಡಿ ತರಬೇಕು. ಮದುವೆಯಾದ ಹೊಸತರಲ್ಲಿ ವಿಮಲಾ ಮಾಡಿದ ಸಾರನ್ನು ದೊಡ್ಡಕ್ಕ ಹೊಗಳಿದರು. ಅಲ್ಲಿಗೆ ಅವಳ ಹಣೆಬರಹ ನಿರ್ಧಾರವಾಯಿತು. ಒಬ್ಬಳು ಪಲ್ಯ ತರುತ್ತಾಳೆ, ಇನ್ನೊಬ್ಬಳು ಹಪ್ಪಳ ತರುತ್ತಾಳೆ. ಹಪ್ಪಳ ತರುವವಳ ಗಂಡ, ಅಂದರೆ ನನ್ನ ಷಡ್ಡಕ, ಒಂದು ಕವರನ್ನು ಬೆರಳಿಗೆ ನೇತುಹಾಕಿಕೊಂಡು ನಗುನಗುತ್ತ ಬರುವುದನ್ನು ಕಂಡಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ. ನಮ್ಮದು ಹದಿನೆಂಟು ಜನರ ಸಾರು, ದೊಡ್ಡ ಡಬರಿಯಲ್ಲಿ, ತಟ್ಟೆ ಮುಚ್ಚಿ, ಹಳೆಯ ಪಂಚೆಯಲ್ಲಿ ಬಿಗಿಯಾಗಿ ಕಟ್ಟಿ. ಅಷ್ಟು ವರ್ಷ ಅದನ್ನು ಹೊತ್ತ ಕಷ್ಟ ನನ್ನದೇ ಎಂದು ನಾನು ದೃಢವಾಗಿ ನಂಬಿದ್ದೆ, ಯಾಕೆಂದರೆ ಸ್ಕೂಟರು ನನ್ನದು.

ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಆದರೆ ವಿದ್ಯಾವಂತನಾದ್ದರಿಂದ ಮೂರೇ ಕಾಲು ಎಂದು ಲಿಖಿತವಾಗಿ ಸಾಬೀತುಪಡಿಸುವ ಚಟವೂ ಇದೆ. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ನಡುವೆ ಗೆರೆ ಎಳೆದು, ಎಡಕ್ಕೆ ಸೆಡಾನು, ಬಲಕ್ಕೆ ವ್ಯಾಗನ್ನು ಎಂದು ಬರೆದು ಹೋಲಿಕೆ ಶುರುಮಾಡಿದೆ. ಗಾಂಭೀರ್ಯ: ಸೆಡಾನಿಗೆ ಹತ್ತಕ್ಕೆ ಹತ್ತು, ವ್ಯಾಗನ್ನಿಗೆ ಎರಡು. ಹೋಟೆಲಿನ ಬಾಗಿಲಲ್ಲಿ ಇಳಿದಾಗ ಕಾವಲುಗಾರ ಸಲಾಮು ಹೊಡೆಯುವ ಸಾಧ್ಯತೆ: ಸೆಡಾನಿಗೆ ಒಂಬತ್ತು. ಸಾಮಾನಿಗೆ ಜಾಗ ಎಂಬ ಸಾಲಿನಲ್ಲಿ ವ್ಯಾಗನ್ನಿಗೆ ಹತ್ತು ಕೊಡಲೇಬೇಕಾಯಿತು. ಪಕ್ಷಪಾತ ಎಂದು ಯಾರೂ ಅನ್ನಬಾರದಲ್ಲ. ಆಮೇಲೆ ಆ ಸಾಲನ್ನೇ ಹೊಡೆದು ಹಾಕಿದೆ.

ವಿಮಲಾ ನೋಟ್‌ಬುಕ್ಕನ್ನು ಓದಿ ಮಡಚಿಟ್ಟಳು. ಮರುದಿನದಿಂದ ಬೆಳಗಿನ ವಾಕಿಂಗ್ ಶುರುಮಾಡಿದಳು. ದಿನಾ ಆರು ಗಂಟೆಗೆ ಚಪ್ಪಲಿ ಬಿಟ್ಟು ಶೂ ಹಾಕಿಕೊಂಡು ಹೊರಟರೆ ಏಳೂವರೆಗೆ ಕೆನ್ನೆ ಕೆಂಪಗೆ ಮಾಡಿಕೊಂಡು ಬರುತ್ತಿದ್ದಳು. ಅವಳ ಕೋಪ ಹೀಗೆ ಆರೋಗ್ಯಕರವಾಗಿ ಕರಗುತ್ತಿರುವುದು ಕಂಡು ನನಗೆ ಸಂತೋಷವೇ ಆಯಿತು.

ಒಂದು ಶನಿವಾರ ಎರಡೂ ಗಾಡಿಗಳಲ್ಲಿ ಕೂತು ನೋಡಲು ಜೆ.ಪಿ. ನಗರದ ಕಡೆಯ ಶೋರೂಮಿಗೆ ಹೊರಟೆವು. ಆಟೋ ಹತ್ತುವಾಗ ನೋಡುತ್ತೇನೆ, ವಿಮಲಾಳ ಕೈಯಲ್ಲಿ ಡಬರಿ. "ಇದ್ಯಾಕೆ?" ಎಂದೆ. "ನೀವು ನಿಮ್ಮ ಪುಸ್ತಕ ತರ್ತಿಲ್ವಾ? ನಾನು ನಂದು ತರ್ತೀನಿ" ಎಂದಳು. ಶೋರೂಮು ಎಂದರೆ ನೆಲದಲ್ಲಿ ಮುಖ ಕಾಣುವಂಥ ಜಾಗ. ಟೈ ಕಟ್ಟಿದ ಸೇಲ್ಸ್‌ಮನ್ ನಮ್ಮನ್ನು ನೋಡಿ, ಡಬರಿಯನ್ನು ನೋಡಿ, ಮತ್ತೆ ನಮ್ಮನ್ನು ನೋಡಿದ. ವಿಮಲಾ ಸ್ವಲ್ಪವೂ ಅಳುಕದೆ, "ಇದರ ತುಂಬ ನೀರು ಬೇಕಿತ್ತಲ್ಲಪ್ಪ, ನಲ್ಲಿ ಎಲ್ಲಿದೆ?" ಎಂದು ಕೇಳಿದಳು. ನಾನು ಗೋಡೆಯ ಮೇಲಿನ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ.

ಮೊದಲು ಸೆಡಾನು. ಡಿಕ್ಕಿಯಲ್ಲಿ ಡಬರಿ ಕೂತಿತು, ಆದರೆ ಬಾಗಿಲು ಹಾಕಲು ಹೋದರೆ ತಟ್ಟೆಗೆ ತಗುಲಿತು. ಸೇಲ್ಸ್‌ಮನ್, "ಸ್ವಲ್ಪ ವಾಲಿಸಿದ್ರೆ ಆಗುತ್ತೆ ಮೇಡಂ" ಎಂದ. "ಸಾರನ್ನ ವಾಲಿಸೋಕಾಗುತ್ತಾ?" ಎಂದಳು ವಿಮಲಾ. "ಹಾಗಾದ್ರೆ ಸೀಟ್ ಮೇಲೆ ಪಕ್ಕದಲ್ಲಿ ಇಟ್ಕೊಳ್ಳಿ." "ಬ್ರೇಕ್ ಹಾಕಿದ್ರೆ?" ಅವನು ಕೆನೆಬಣ್ಣದ ಚರ್ಮದ ಸೀಟನ್ನು ನೋಡಿ ಗಾಬರಿಯಾಗಿ, "ಮಡಿಲಲ್ಲಿ ಇಟ್ಕೊಂಡ್ಬಿಡಿ ಮೇಡಂ, ಸೇಫ್ ಆಗಿರುತ್ತೆ" ಎಂದ. ಅಲ್ಲಿಯವರೆಗೆ ಪಟಪಟ ಮಾತನಾಡುತ್ತಿದ್ದ ವಿಮಲಾ ಆ ಮಾತಿಗೆ ಸುಮ್ಮನಾದಳು. ವಾದದಲ್ಲಿ ಸೋತಳು ಎಂದುಕೊಂಡೆ. ವ್ಯಾಗನ್ನಿನಲ್ಲಿ ಡಬರಿ ಮನೆಯ ಅಟ್ಟದಲ್ಲಿ ಕೂತ ಹಾಗೆ ನೆಟ್ಟಗೆ ಕೂತಿತು. ಸೇಲ್ಸ್‌ಮನ್ ರಿಂಗ್ ರೋಡಿನ ಎರಡು ಹಂಪು ಹಾರಿಸಿಕೊಂಡು ಬಂದರೂ ನೀರು ತಟ್ಟೆಯಂಚಿಗೆ ಒಂದಿಷ್ಟು ತುಳುಕಿತ್ತು, ಅಷ್ಟೇ. ನಾನು ನೋಟ್‌ಬುಕ್ಕಿನಲ್ಲಿ ಏನೂ ಬರೆದುಕೊಳ್ಳಲಿಲ್ಲ. ಬದಲಾಗಿ, ಅದೇ ವ್ಯಾಗನ್ನಿನಲ್ಲಿ ನಮ್ಮನ್ನು ಮನೆಗೆ ಬಿಡಲು ಹೇಳಿದೆ. ನಿರೀಕ್ಷಿಸಿದ್ದೇ ಆಯಿತು. ಗೇಟಿನ ಮುಂದೆ ಆ ಉದ್ದನೆಯ ಬಿಳಿ ಗಾಡಿ ನಿಂತದ್ದೇ ತಡ, ಪಕ್ಕದ ಮನೆಯ ನಿವೃತ್ತ ಮೇಷ್ಟರು ಬನಿಯನ್ನಿನಲ್ಲೇ ಓಡಿ ಬಂದು, "ಯಾರಿಗೆ ಸಾರ್ ಹುಷಾರಿಲ್ಲ?" ಎಂದರು. "ನೋಡು!" ಎಂದು ನಾನು ವಿಮಲಾಳ ಕಡೆ ತಿರುಗಿದೆ. ಮೇಷ್ಟರಿಗೆ ಕಾಫಿ ಕೊಟ್ಟು, ಅವರ ಮಾತನ್ನು ದೊಡ್ಡಕ್ಷರದಲ್ಲಿ ಬರೆದುಕೊಂಡೆ.

ಕೊನೆಯ ಭಾನುವಾರ ಬಂತು. ಮರುದಿನ ಫಾರಂ ಕೊಡಬೇಕು. ತಿಂಡಿ ಮುಗಿಸಿ, ಫಾರಂ ಹರಡಿ, ಪೆನ್ನು ಹಿಡಿದು, "ಸೆಡಾನಿಗೇ ಟಿಕ್ ಹಾಕ್ತಿದೀನಿ. ಇದರಲ್ಲಿ ಮಾತಿಲ್ಲ" ಎಂದು ಘೋಷಿಸಿದೆ. "ಹಾಕಿ" ಎಂದಳು ವಿಮಲಾ. ಎರಡು ತಿಂಗಳಿನಿಂದ ತಯಾರು ಮಾಡಿಕೊಂಡಿದ್ದ ಉತ್ತರಗಳೆಲ್ಲ ನನ್ನ ಗಂಟಲಲ್ಲೇ ಉಳಿದವು. ಅವಳು ಅಡುಗೆಮನೆಯಿಂದ ಕೈ ಒರೆಸಿಕೊಂಡು ಬಂದು, ಫಾರಂ ಮೇಲೆ ಒಂದು ಸಣ್ಣ ಕಾರ್ಡನ್ನು ಇಟ್ಟಳು. ಅದರಲ್ಲಿ ಅವಳ ಫೋಟೋ ಇತ್ತು.

"ಏನಿದು?"

"ಲೈಸೆನ್ಸು. ಕಾರಿಂದು."

"ನೀನು ವಾಕಿಂಗ್ ಹೋಗ್ತಿದ್ಯಲ್ಲ!"

"ವಾಕಿಂಗೇ. ಡ್ರೈವಿಂಗ್ ಸ್ಕೂಲ್ ತನಕ ನಡ್ಕೊಂಡೇ ಹೋಗ್ತಿದ್ದೆ."

ಆಮೇಲೆ ಅವಳು ಎದುರಿನ ಕುರ್ಚಿಯಲ್ಲಿ ಕೂತು, ಜಗಳದ ದನಿಯಲ್ಲಿ ಅಲ್ಲ, ತರಕಾರಿಯ ರೇಟು ಹೇಳುವ ದನಿಯಲ್ಲಿ ಹೇಳಿದಳು. "ಇಪ್ಪತ್ತೆರಡು ವರ್ಷ ಆಯ್ತು ರೀ. ನಿಮ್ಮ ಹಿಂದೆ ಕೂತು ಎಲ್ಲಿಗೇ ಹೋದ್ರೂ ನನ್ನ ಮಡಿಲ ಮೇಲೆ ಏನಾದ್ರೂ ಇದ್ದೇ ಇದೆ. ಮಗು ಇತ್ತು, ಆಮೇಲೆ ಅದರ ಸ್ಕೂಲ್ ಬ್ಯಾಗು, ಎಲ್ಲಾ ತಿಂಗಳೂ ಸುಡೋ ಸಾರು. ಬನಶಂಕರಿ ಹತ್ರ ಹಂಪಲ್ಲಿ ಸಾರು ಚೆಲ್ತಲ್ಲ, ಜ್ಞಾಪಕ ಇದೆಯಾ? ನನ್ನ ತೊಡೆ ಸುಟ್ಟೋಯ್ತು. ನೀವು ತಿರುಗಿ ಏನು ಕೇಳಿದ್ರಿ ಹೇಳಿ?"

ಜ್ಞಾಪಕವಿತ್ತು. 'ಸೀಟಿನ ಮೇಲೆ ಬಿತ್ತಾ?' ಎಂದು ಕೇಳಿದ್ದೆ. ಆಗ ಸೀಟಿಗೆ ಹೊಸ ರೆಕ್ಸಿನ್ ಹಾಕಿಸಿ ಒಂದು ವಾರವಾಗಿತ್ತು, ಅದೂ ಜ್ಞಾಪಕಕ್ಕೆ ಬಂತು. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಸ್ಕೂಟರು ಓಡಿಸುವವನಿಗೆ ಮುಂದಿನ ರಸ್ತೆ ಕಾಣುತ್ತದೆಯೇ ಹೊರತು ಹಿಂದೆ ಕೂತವಳ ಮುಖ ಕಾಣುವುದಿಲ್ಲ. ಕನ್ನಡಿಯಿತ್ತು, ನಿಜ. ಅದನ್ನು ನಾನು ತಲೆ ಬಾಚಲು ಬಳಸುತ್ತಿದ್ದೆ.

"ಅದಕ್ಕೇ ವ್ಯಾಗನ್ ಬೇಕು ಅಂದೆ. ನೀವು ಒಪ್ಪೋ ಹಾಗೆ ಕಾಣ್ಲಿಲ್ಲ. ಆಮೇಲೆ ಹೊಳೀತು. ಈ ಇಪ್ಪತ್ತೆರಡು ವರ್ಷದಲ್ಲಿ ನಿಮ್ಮ ಮಡಿಲ ಮೇಲೆ ಯಾರಾದ್ರೂ ಏನಾದ್ರೂ ಇಟ್ಟಿದಾರಾ? ಇಲ್ಲ. ಓಡಿಸೋರ ಮಡಿಲ ಮೇಲೆ ಯಾರೂ ಏನೂ ಇಡಲ್ಲ. ವಾರದ ದಿನ ನೀವು ಡ್ರೈವರ್ ಇಟ್ಕೊಳ್ಳಿ. ಭಾನುವಾರ ಅವನಿಗೆ ರಜಾ, ನಾನು ಓಡಿಸ್ತೀನಿ, ನೀವು ಪಕ್ಕದಲ್ಲಿ ಕೂತ್ಕೊಳ್ಳಿ. ಸೆಡಾನಾದ್ರೂ ತನ್ನಿ, ವ್ಯಾಗನ್ನಾದ್ರೂ ತನ್ನಿ, ಇನ್ನು ನನಗೇನು?" ಎಂದು ಹೇಳಿ ಅವಳು ಬಟ್ಟೆ ಒಣಹಾಕಲು ತಾರಸಿಗೆ ಹೋದಳು.

ನಾನು ಪೆನ್ನು ಹಿಡಿದು ಕೂತೇ ಇದ್ದೆ. ಸೆಡಾನಿನ ಡಿಕ್ಕಿಯಲ್ಲಿ ಡಬರಿ ಹಿಡಿಯುವುದಿಲ್ಲ. ಸೀಟಿನ ಮೇಲೆ ಇಡುವ ಹಾಗಿಲ್ಲ. ಉಳಿದಿರುವುದು ಒಂದೇ ಮಡಿಲು. ಅದು ಯಾರದು ಎಂದು ಲೆಕ್ಕ ಹಾಕಲು ನೋಟ್‌ಬುಕ್ಕು ಬೇಕಿರಲಿಲ್ಲ. ಆದರೂ ತೆರೆದೆ. ಹೊಡೆದು ಹಾಕಿದ್ದ 'ಸಾಮಾನಿಗೆ ಜಾಗ' ಎಂಬ ಸಾಲನ್ನು ಮತ್ತೆ ಬರೆದು, ಅದರ ಮಹತ್ವವನ್ನು ಪರಿಗಣಿಸಿ ಹತ್ತಕ್ಕೆ ನಲವತ್ತು ಅಂಕ ಕೊಟ್ಟೆ. ಗಾಂಭೀರ್ಯ ಎನ್ನುವುದು ಕಾರಿನಲ್ಲಿಲ್ಲ, ಮನುಷ್ಯನ ನಡತೆಯಲ್ಲಿದೆ ಎಂದು ಷರಾ ಬರೆದೆ. ಮೇಷ್ಟರಿಗೆ ಕಣ್ಣಿನ ಪೊರೆ ಬಂದಿದೆ ಎಂದೂ ಬರೆದೆ. ಅವಳು ತಾರಸಿಯಿಂದ ಇಳಿದು ಬರುವಷ್ಟರಲ್ಲಿ ವ್ಯಾಗನ್ನಿಗೆ ಟಿಕ್ ಬಿದ್ದಿತ್ತು. ಮರುದಿನ ಆಫೀಸಿನಲ್ಲಿ ಆ ಹುಡುಗಿ, "ಏನ್ ಸಾರ್, ಸೆಡಾನ್ ಅಂತಿದ್ರಲ್ಲ?" ಎಂದಳು. "ಸಂಸಾರ ಅಂದಮೇಲೆ ಹೆಂಡತಿ ಮಾತಿಗೂ ಬೆಲೆ ಕೊಡಬೇಕಮ್ಮ" ಎಂದೆ. ಅವಳು ನನ್ನನ್ನು ಬಹಳ ಗೌರವದಿಂದ ನೋಡಿದಳು. ಮನೆಯಲ್ಲೂ ಅದೇ ಮಾತು ಹೇಳಿದೆ. ವಿಮಲಾ ನಕ್ಕಳು, ಗೌರವ ಅಷ್ಟಾಗಿ ಕಾಣಲಿಲ್ಲ.

ಗಾಡಿ ಬಂತು. ನಿಂಬೆಹಣ್ಣು ತುಳಿಸಿ, ಕುಂಕುಮ ಹಚ್ಚಿ, ಮೊದಲ ಭಾನುವಾರವೇ ಗಿರಿನಗರಕ್ಕೆ ಹೊರಟೆವು. ನಾನು ಹಿಂದಿನ ದೊಡ್ಡ ಬಾಗಿಲನ್ನು ಎತ್ತಿ ಹಿಡಿದು, ಮೈದಾನದಂತಿದ್ದ ಆ ಜಾಗವನ್ನು ಅಭಿಮಾನದಿಂದ ನೋಡುತ್ತ ನಿಂತಿದ್ದೆ. ವಿಮಲಾ ಡಬರಿಯನ್ನು ಎತ್ತಿಕೊಂಡು ಬಂದವಳು ಒಳಗೆ ಇಣುಕಿ ನೋಡಿ, "ಅಯ್ಯೋ, ಇಲ್ಲಿ ಬೇಡ ರೀ" ಎಂದಳು. "ಯಾಕೆ? ನೀರಿಟ್ಟು ನೋಡಿದ್ವಲ್ಲ!" "ಅದು ನೀರು. ಇದು ಸಾರು, ಅರಿಶಿನ ಹಾಕಿದೀನಿ. ಕೆಳಗೆ ಕಾರ್ಪೆಟ್ ನೋಡಿ ಹೇಗಿದೆ. ಲೀಸಿನ ಗಾಡಿ, ಒಂದು ತೊಟ್ಟು ತುಳುಕಿ ಕಲೆಯಾದ್ರೆ ನಾಲ್ಕು ವರ್ಷ ಆದ್ಮೇಲೆ ವಾಪಸ್ ಕೊಡೋವಾಗ ಕೇಳ್ತಾರೆ. ನೀವು ಫಾರಂ ಹಿಂದ್ಗಡೆ ಓದಿಲ್ವಾ?" ಓದಿರಲಿಲ್ಲ. ನೋಟ್‌ಬುಕ್ಕು ಬರೆಯುವುದರಲ್ಲಿ ಪುರುಸೊತ್ತಾಗಿರಲಿಲ್ಲ.

ಹೀಗಾಗಿ ಹಿಂದೆ ಒಂದು ಸಂಸಾರ ಹಿಡಿಯುವಷ್ಟು ಜಾಗ ಖಾಲಿ ಬಿಟ್ಟುಕೊಂಡು, ಮುಂದಿನ ಸೀಟಿನಲ್ಲಿ ಮಡಿಲ ಮೇಲೆ ಟವೆಲು, ಟವೆಲಿನ ಮೇಲೆ ಹದಿನೆಂಟು ಜನರ ಸಾರು ಇಟ್ಟುಕೊಂಡು ನಾನು ಹೊರಟೆ. ಅದು ಎಷ್ಟು ಭಾರ, ಎಷ್ಟು ಬಿಸಿ ಎಂದು ನನಗೆ ತಿಳಿದದ್ದು ಅಂದೇ. ಪ್ರತಿ ತಿರುವಿನಲ್ಲೂ ಅದು ಒಂದು ಕಡೆ ಎಳೆಯುತ್ತದೆ, ಪ್ರತಿ ಹಂಪಿನಲ್ಲೂ ಹೊಟ್ಟೆಗೆ ಗುದ್ದುತ್ತದೆ. ಪಕ್ಕದಲ್ಲಿ ವಿಮಲಾ ಸೆರಗು ಸಿಕ್ಕಿಸಿಕೊಂಡು, ಕಿಟಕಿಯ ಗಾಳಿಗೆ ಮುಖ ಕೊಟ್ಟು, ಸಣ್ಣಗೆ ಏನೋ ಗುನುಗುತ್ತ ಗೇರು ಬದಲಿಸುತ್ತಿದ್ದಳು. ಅವಳ ಮಡಿಲಿನಲ್ಲಿ ಏನೂ ಇರಲಿಲ್ಲ. ಇಪ್ಪತ್ತೆರಡು ವರ್ಷದ ಪ್ರಯಾಣಗಳಲ್ಲಿ ಅವಳ ಮುಖ ಹೀಗಿರುವುದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಇಷ್ಟು ವರ್ಷದ್ದಕ್ಕೆಲ್ಲ ಸೇರಿಸಿ ಒಂದು ಮಾತು ಕ್ಷಮೆ ಕೇಳಬೇಕು, ಇವತ್ತೇ, ಈಗಲೇ ಎಂದು ದೃಢವಾಗಿ ನಿರ್ಧರಿಸಿ, ಅವಳ ಕಡೆ ತಿರುಗಿ, "ವಿಮಲಾ..." ಎಂದೆ.

"ಮಾತು ಬೇಡ" ಎಂದಳು ಅವಳು, ರಸ್ತೆಯಿಂದ ಕಣ್ಣು ತೆಗೆಯದೆ. "ಮುಂದೆ ಹಂಪಿದೆ. ಸಾರು ನೋಡ್ಕೊಳ್ಳಿ."