ಚಿಕ್ಕಪ್ಪನ ಅರ್ಧ ಪ್ರಯಾಣಗಳು

ನನ್ನ ಚಿಕ್ಕಪ್ಪ ಮುಗಿಸಿದ ಪ್ರಯಾಣಗಳಿಗಿಂತ ಅರ್ಧದಲ್ಲೇ ತಿರುಗಿಸಿದ ಪ್ರಯಾಣಗಳೇ ಹೆಚ್ಚು ಎಂದರೆ ನಂಬುತ್ತೀರಾ? ನಂಬಲೇಬೇಕು! ಏನಾದರೂ ಎಡವಟ್ಟಾದರೆ ಎಂಜಿನ್ ತಾನೇ ನಿಲ್ಲುವ ಹಾಗೆ ಮಾಡುವುದು ವಾರೆನ್ ಎಂಬ ಊರಿನ ಕಾರು ಕಂಪನಿಯೊಂದರಲ್ಲಿ ಅವರ ಕೆಲಸವಾಗಿತ್ತು. ಕೆಲಸದಿಂದ ನಿವೃತ್ತರಾದರು, ಅಭ್ಯಾಸದಿಂದ ಆಗಲಿಲ್ಲ.

ಅವರ ಮದುವೆಯಲ್ಲಿ ತಾಳಿ ಕಟ್ಟುವ ಹೊತ್ತಿಗೆ ವಾಲಗದವನಿಗೆ ಕೆಮ್ಮು ಬಂದು ಗಟ್ಟಿಮೇಳ ನಿಂತಿತಂತೆ. ಚಿಕ್ಕಪ್ಪ ತಾಳಿಯನ್ನು ತಟ್ಟೆಗಿಟ್ಟು, "ಏನೋ ಪ್ರಾಬ್ಲಮ್ ಇದೆ, ಮೊದಲಿಂದ ಶುರು ಮಾಡೋಣ" ಎಂದರಂತೆ. "ಅವತ್ತೇ ಎದ್ದು ಹೋಗ್ಬೇಕಿತ್ತು ನಾನು" ಎಂದು ಚಿಕ್ಕಮ್ಮ ಈಗಲೂ ಹೇಳುತ್ತಾರೆ.

ಇದಕ್ಕೆಲ್ಲ ಮೂಲ, ಅವರು ನೂರು ಸಲ ಹೇಳಿದ ಒಂದು ಕಥೆ. ಮನುಷ್ಯ ಬಾಹ್ಯಾಕಾಶಕ್ಕೆ ಹೋಗಲು ಶುರುಮಾಡಿದ್ದ ಕಾಲ. ಇಬ್ಬರು ಕುಳಿತಿದ್ದ ರಾಕೆಟ್ಟಿನ ಎಂಜಿನ್ ಹೊತ್ತಿಕೊಂಡು, ಎರಡು ಸೆಕೆಂಡೂ ಆಗುವ ಮೊದಲೇ ತಾನಾಗಿ ಆರಿತು. ನಿಯಮದ ಪ್ರಕಾರ ಕ್ಯಾಪ್ಟನ್ ಸೀಟಿನ ತುರ್ತು ಉಂಗುರ ಎಳೆದು, ಇಬ್ಬರೂ ಸೀಟಿನ ಸಮೇತ ಹೊರಗೆ ಹಾರಬೇಕಿತ್ತು.

"ಅವನು ಎಳೀಲಿಲ್ಲ ಕಣೋ. ರಾಕೆಟ್ ಮೇಲೆದ್ದಿಲ್ಲ ಅಂತ ಅವನ ಬೆನ್ನಿಗೆ ಗೊತ್ತಾಯ್ತು. ಮೂರೇ ದಿನಕ್ಕೆ ಅದೇ ರಾಕೆಟ್‌ನಲ್ಲಿ ಹೋದ."

ಹೊಗಳುತ್ತಿದ್ದುದು ಕ್ಯಾಪ್ಟನ್ನನ್ನು, ಅನುಸರಿಸುತ್ತಿದ್ದುದು ಮಾತ್ರ ಎಂಜಿನ್ನನ್ನು! ಐದು ಗಂಟೆ ದೂರದ ವುಡ್‌ರಿಡ್ಜ್‌ನ ನಮ್ಮ ಮನೆಗೆಂದು ಹೊರಟವರು, ವೈಪರ್ ಕಿರ್ ಎಂದರೂ ಮುಂದಿನ ಎಕ್ಸಿಟ್‌ನಲ್ಲಿ ತಿರುಗಿಸುತ್ತಿದ್ದರು. "ಅಣ್ಣಾ, ಅಬಾರ್ಟ್" ಎಂದು, ರಾಕೆಟ್ ಉಡಾವಣೆ ರದ್ದು ಮಾಡುವವರ ಧಾಟಿಯಲ್ಲಿ, ಅಪ್ಪನಿಗೆ ಫೋನು. ಅಪ್ಪ ನಗುತ್ತಾ, "ಅಕ್ಕಿಯಲ್ಲಿ ಒಂದು ಪಾವು ತೆಗಿಯೇ" ಎಂದು ಅಮ್ಮನಿಗೆ ಹೇಳುತ್ತಿದ್ದರು.

ಕಳೆದ ಜನವರಿಯಲ್ಲಿ ಅಪ್ಪ ಹಾಸಿಗೆ ಹಿಡಿದರು. "ತಮ್ಮ ಬರ್ತಾನಾ?" ಎಂದು ಕೇಳುತ್ತಲೇ ಇದ್ದರು. ಚಿಕ್ಕಪ್ಪ ಹೊರಟರು. ಅರ್ಧ ದಾರಿಯಲ್ಲಿ, ಕಲಮಜೂ ಹತ್ತಿರ ಕಾರು ನಿಲ್ಲಿಸಿ ನನಗೆ ಫೋನ್ ಮಾಡಿದರು.

"ಟೈರ್ ಲೈಟ್ ಬಂದಿದೆ. ಏನ್ ಮಾಡ್ಲಿ, ನೀನೇ ಹೇಳು."

ಹೊರಗೆ ಐದು ಡಿಗ್ರಿ ಫ್ಯಾರನ್‌ಹೀಟ್, ನೀರು ಕಲ್ಲಾಗುವ ಚಳಿ. ಅಂಥ ಚಳಿಗೆ ಟೈರಿನ ಗಾಳಿ ಕುಗ್ಗಿ ಆ ದೀಪ ಎಲ್ಲರ ಕಾರಿನಲ್ಲೂ ಹೊತ್ತುತ್ತದೆ, ನನಗೂ ಗೊತ್ತಿತ್ತು. ಆದರೆ ತಮಾಷೆಯ ಚಟ ಬಿಡಬೇಕಲ್ಲ! "ಅಬಾರ್ಟ್ ಮಾಡಿ ಚಿಕ್ಕಪ್ಪ, ಮೂರು ದಿನ ಬಿಟ್ಟು ಬನ್ನಿ" ಎಂದೆ. ನಕ್ಕು ಮುಂದೆ ಬರುತ್ತಾರೆ ಎಂದುಕೊಂಡಿದ್ದೆ. ಅವರು ತಿರುಗಿಸಿದರು.

ಅಪ್ಪ ಎರಡನೆಯ ದಿನವೇ ಹೋಗಿಬಿಟ್ಟರು.

ಚಿಕ್ಕಪ್ಪ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ನನ್ನ ಆ ತಮಾಷೆಯ ಮಾತನ್ನು ವಾಪಸ್ ತೆಗೆದುಕೊಳ್ಳುವ ಉಂಗುರ ಎಲ್ಲಿದೆ ಎಂದು ನಾನು ಇವತ್ತಿಗೂ ಹುಡುಕುತ್ತಿದ್ದೇನೆ.

ಈಗ ಅವರು ಪ್ರತಿ ತಿಂಗಳೂ ತಪ್ಪದೆ ಬರುತ್ತಾರೆ. ಮೊನ್ನೆ ಅವರ ಕಾರನ್ನು ಪಕ್ಕಕ್ಕಿಡಲು ಹೋದೆ. ಎಂಜಿನ್ ಶುರುವಾದ ಮೇಲೂ ಡ್ಯಾಶ್‌ಬೋರ್ಡಿನಲ್ಲಿ ಎರಡು ಎಚ್ಚರಿಕೆಯ ದೀಪ ಉರಿಯುತ್ತಲೇ ಇದ್ದವು.

"ಇದು ಯಾವಾಗಿಂದ ಚಿಕ್ಕಪ್ಪ?" ಎಂದೆ.

"ಮನೆ ಬಿಟ್ಟಾಗಿಂದ" ಎಂದರು. "ನೀನು ಕಾಯ್ತಿರ್ತೀಯಲ್ಲ."