ನಮ್ಮ ಟೆನಿಸ್ ಅಂಗಳ ಕೈತಪ್ಪಿದ್ದು

ಅರವತ್ತರ ದಶಕದಲ್ಲಿ ತಮಿಳು ಸೀಮೆಯ ಚಿನ್ನಮನೂರಿನಲ್ಲಿ ಮೇಷ್ಟರಾಗಿದ್ದಾಗ ನಾನು ಸಂಜೆ ಹೊತ್ತು ಟೆನಿಸ್ ಆಡುತ್ತಿದ್ದೆ. ಆಟ ಬಂದಷ್ಟು ಬಂತು; ಪಜೀತಿ ಮಾತ್ರ ವಾರಕ್ಕೊಂದು ತಪ್ಪದೆ ಬರುತ್ತಿತ್ತು.

ನಮ್ಮ ಕ್ಲಬ್ಬಿನಲ್ಲಿ ಇಸ್ಪೀಟಿನವರೇ ಹೆಚ್ಚು. ವರ್ಷಕ್ಕೊಮ್ಮೆ ದಿಂಡಿಗಲ್‌ನ ಜೋಡಿಯ ಜೊತೆ ನಮಗೆ ಪಂದ್ಯ. ಇನ್ನೊಂದು ಸಲ ಸೋತರೆ ಟೆನಿಸ್ ಅಂಗಳದಲ್ಲಿ ಇಸ್ಪೀಟಿಗೆ ಕೊಠಡಿ ಎಬ್ಬಿಸುತ್ತೇವೆ ಎಂದು ಇಸ್ಪೀಟಿನವರು ಹೇಳಿಬಿಟ್ಟಿದ್ದರು. ನನಗೆ ನಿದ್ದೆ ಹತ್ತುತ್ತಿರಲಿಲ್ಲ.

ಸಾಹೇಬರ ಗೆರೆ

ಅದರ ಹಿಂದಿನ ವರ್ಷ ನನ್ನ ಜೊತೆಗಾರರು ಒಬ್ಬ ಸರ್ಕಾರಿ ಸಾಹೇಬರು. ಊರಿನಲ್ಲಿ ಅವರು ಸೋತದ್ದೇ ಇಲ್ಲ. ಅವರ ಚೆಂಡು ಗೆರೆಯಿಂದ ಮೊಳ ಆಚೆ ಬಿದ್ದರೂ ಎದುರಿನವರು ಒಳಗೇ ಬಿತ್ತು ಅನ್ನುತ್ತಿದ್ದರು. ಎಲ್ಲರಿಗೂ ಅವರಿಂದ ಒಂದಲ್ಲ ಒಂದು ಸಹಿ ಆಗಬೇಕಿತ್ತು. ದಿಂಡಿಗಲ್‌ನವರಿಗೆ ಯಾವ ಸಹಿಯೂ ಬೇಕಿರಲಿಲ್ಲ. ಒಂದು ಗೇಮೂ ಸಿಗದೆ ಬಸ್ಸು ಹತ್ತಿದಾಗ ಸಾಹೇಬರು ಹೇಳಿದ್ದಿಷ್ಟೇ: ಆ ಊರಿನವರು ಗೆರೆ ತಪ್ಪಾಗಿ ಎಳೆದಿದ್ದಾರೆ.

ಚಪ್ಪರದ ಎತ್ತರ

ಸಾಹೇಬರು ಆಟ ಬಿಟ್ಟರು. ಕಾಮಯಗೌಂಡನ್‌ಪಟ್ಟಿಯ ಸೋದರಮಾವನನ್ನು ಜೊತೆಗೆ ಕರೆದೆ. ದ್ರಾಕ್ಷಿ ತೋಟದವರು, ಪಂಚೆ ಎತ್ತಿ ಕಟ್ಟಿಯೇ ಆಡುವವರು. ಬಲೆಯ ಹಗ್ಗ ಹರಿದಿದ್ದನ್ನು ಕಂಡು ತೋಟದಿಂದ ಚಪ್ಪರದ ತಂತಿ ತಂದು ತಾವೇ ಬಿಗಿದರು. ದ್ರಾಕ್ಷಿಗೆ ಚಪ್ಪರ ಕಟ್ಟಿ ಪಳಗಿದ ಕೈ, ಬಲೆ ಎದೆಮಟ್ಟಕ್ಕೆ ನಿಂತಿತು. ಎತ್ತರವಾಯಿತು ಅನ್ನಿಸಿತು, ಆದರೆ ಮಾವನಿಗೆ ತಪ್ಪು ಹೇಳುವುದುಂಟೆ? ತಿಂಗಳಿಡೀ ಅದರ ಮೇಲೆ ಎತ್ತಿ ಎತ್ತಿ ಹೊಡೆದು ಕೈ ಅದಕ್ಕೇ ಒಗ್ಗಿಹೋಯಿತು.

ದಿಂಡಿಗಲ್‌ನಲ್ಲಿ ನೋಡಿದರೆ ಬಲೆ ಸೊಂಟದ ಮಟ್ಟದಲ್ಲಿತ್ತು. ಮೊದಲ ಸೆಟ್ಟಿನಲ್ಲಿ ನಮ್ಮ ಚೆಂಡುಗಳೆಲ್ಲ ಹಿಂದಿನ ಬೇಲಿಗೆ ಹೋದವು. ಮಾವ ಆ ಬಲೆಯನ್ನು ದಿಟ್ಟಿಸಿ ನೋಡಿ ಹೇಳಿದರು:

“ಇದ್ರಾಗೆ ಗೊನೆ ಬಿಟ್ರೆ ನೆಲಕ್ಕೇ ತಾಗ್ತದೆ, ಅಳಿಯ.”

ಎಡಗಾಲು

ಎರಡನೆಯ ಸೆಟ್ಟು ಹೇಗೋ ಗೆದ್ದೆವು. ಉಳಿದದ್ದು ಒಂದೇ.

ಎದುರಿನ ಜೋಡಿಯಲ್ಲಿ ಒಬ್ಬರು ವೇದಸಂದೂರು ಕಡೆಯ ಹಿರಿಯರು. ಎಲ್ಲರೊಡನೆಯೂ ಅವರದು ತಮಿಳೇ. ಮನೆಮಾತು ಕನ್ನಡವಾದ ನಾವು ಮಾತ್ರ ಹೊರಗಿನವರಿಗೆ ತಿಳಿಯಬಾರದ್ದನ್ನೆಲ್ಲ ಕನ್ನಡದಲ್ಲಿ ಆಡಿಕೊಳ್ಳುವವರು. ಸಂತೆಯಲ್ಲೂ ಹಾಗೇ, ಬಸ್ಸಿನಲ್ಲೂ ಹಾಗೇ. ಮೂರನೆಯ ಸೆಟ್ಟಿನ ನಡುವೆ ಆ ಹಿರಿಯರು ತುಸು ಕುಂಟಿದಂತಾಯಿತು. ಮಾವ ಮನೆಯಲ್ಲಿ ಮಾತಾಡುವಷ್ಟೇ ಜೋರಾಗಿ ಅಂದರು:

“ಮುದುಕಂಗೆ ಎಡಗಾಲು ನೋವು, ಅಳಿಯ. ಆ ಪಕ್ಕಕ್ಕೇ ಹಾಕು.”

ಅಲ್ಲಿಂದ ಅವರ ಕುಂಟು ಹೆಚ್ಚಾಯಿತು. ನಾವು ಹುರುಪಿನಿಂದ ಎಡಕ್ಕೇ ಹೊಡೆದೆವು. ಪ್ರತಿ ಸಲವೂ ಅವರು ಮೊದಲೇ ಅಲ್ಲಿಗೆ ಬಂದು ನಿಂತಿರುತ್ತಿದ್ದರು. ಸೆಟ್ಟು ಹೋಯಿತು, ಪಂದ್ಯ ಹೋಯಿತು, ಅದರ ಜೊತೆಗೆ ಅಂಗಳವೂ ಹೋಯಿತು. ನನಗೆ ಅಳುವೇ ಬಂತು.

ಹಿರಿಯರು ಬಲೆಯ ಬಳಿ ಬಂದು ಮಾವನ ಕೈ ಕುಲುಕಿ, ನಮ್ಮ ಮನೆಮಾತಿನಲ್ಲೇ ಹೇಳಿದರು:

“ನೋವಿರಾದು ಬಲಗಾಲಾಗೆ, ಗೌಡ್ರೆ. ನೀವು ಎಡಗಾಲು ಅಂದ್ರಲ್ಲ, ಆಮ್ಯಾಕೆ ಅದ್ರಾಗೇ ಕುಂಟ್ದೆ.”