ಮೂರನೇ ತರಗತಿಯ ಕಣ್ಣು ಪರೀಕ್ಷೆ

ನಾನು ಡಿಗ್ರಿ ಪಾಸಾಗುವುದು ಈ ಜನ್ಮದಲ್ಲಿ ಆಗದ ಮಾತು ಎಂದವರು ನನ್ನ ಸೋದರಮಾವ ರುದ್ರಪ್ಪ. "ಇವಳು ಪಾಸಾದರೆ ಅರ್ಧ ಮೀಸೆ ಬೋಳಿಸ್ತೀನಿ" ಎಂದು ಕಡೂರಿನ ಬಸ್ ಸ್ಟ್ಯಾಂಡಿನಲ್ಲಿ ಸಾರಿದ್ದರು. ನಾನು ಪಾಸಾದೆ. ನಮ್ಮ ವಂಶದಲ್ಲೇ ಮೊದಲ ಪದವೀಧರೆ! ಮಾವನ ಮೀಸೆ ಮಾತ್ರ ಎರಡೂ ಕಡೆ ಸೊಂಪಾಗಿಯೇ ಇದೆ.

ಗೃಹವಿಜ್ಞಾನದ ಆ ಪದವಿ ಹಿಡಿದು, ದೆಹಲಿ ಪಕ್ಕದ ಇಂದಿರಾಪುರಂನ ಒಂದು ಖಾಸಗಿ ಶಾಲೆಗೆ ಆರೋಗ್ಯ ಶಿಕ್ಷಕಿಯಾಗಿ ಬಂದೆ. ಮೂರು ತಿಂಗಳು ನೋಡಿ, ಆಮೇಲೆ ಖಾಯಂ ಮಾಡುವ ಮಾತು. ಹಲ್ಲುಜ್ಜುವುದು, ಕೈ ತೊಳೆಯುವುದು, ಎಲ್ಲವನ್ನೂ ಹರಕು ಹಿಂದಿಯಲ್ಲಿ ಕಲಿಸುತ್ತಿದ್ದೆ. ಊಟದ ಹೊತ್ತಿಗೆ ಉಳಿದ ಶಿಕ್ಷಕಿಯರು ಗುಂಪಾಗಿ ಕೂರುತ್ತಿದ್ದರು. ನಾನು ನನ್ನ ಕೋಣೆಯಲ್ಲಿ ತೂಕದ ಯಂತ್ರದ ಎದುರು ಕೂತು ಚಿತ್ರಾನ್ನ ತಿನ್ನುತ್ತಿದ್ದೆ. ಕನ್ನಡ ಮಾತಾಡಬೇಕೆನಿಸಿದರೆ ಅದರೊಡನೆಯೇ ಆಡುತ್ತಿದ್ದೆ. ಅದು ಎಂದೂ ಎದುರಾಡಲಿಲ್ಲ.

ಮೂರನೇ ತಿಂಗಳ ಕೊನೆಗೆ ಪ್ರಿನ್ಸಿಪಾಲ್ ಮೇಡಂ ಮೂರನೇ ತರಗತಿಯ ಕಣ್ಣು ಪರೀಕ್ಷೆ ಒಪ್ಪಿಸಿದರು. ನನ್ನ ಕೆಲಸ ಉಳಿಯುವುದು ಇದರ ಮೇಲೆಯೇ. ಎಷ್ಟು ಸುಲಭ! ಇಂಗ್ಲಿಷಿನ 'ಇ' ಅಕ್ಷರವನ್ನು ನಾಲ್ಕೂ ದಿಕ್ಕಿಗೆ ತಿರುಗಿಸಿ ಬರೆದ ಪಟ ಗೋಡೆಯ ಮೇಲೆ. ಇಪ್ಪತ್ತಡಿ ದೂರದಲ್ಲಿ ಮಗು. ಅಕ್ಷರದ ಬಾಯಿ ಯಾವ ಕಡೆಗಿದೆಯೋ ಆ ಕಡೆ ಬೆರಳು ತೋರಿಸಬೇಕು. ನಿಯಮದ ಪ್ರಕಾರ ಪಟದ ಹತ್ತಿರ ಒಬ್ಬರು, ಮಗುವಿನ ಒಂದು ಕಣ್ಣು ಮುಚ್ಚಲು ಇನ್ನೊಬ್ಬರು ಬೇಕು. ಇನ್ನೊಬ್ಬರು ಅಂತ ನಾನು ಯಾರನ್ನು ಕರೆಯಲಿ? ಪದವೀಧರೆಗೆ ಸಹಾಯಕರೇಕೆ ಎಂದುಕೊಂಡು, ಮಗುವಿನ ಹಿಂದೆಯೇ ನಿಂತು, ಅಂಗೈಯಿಂದ ಕಣ್ಣು ಮುಚ್ಚಿ, ಅಲ್ಲಿಂದಲೇ ಅಂಕ ಹಾಕತೊಡಗಿದೆ.

ಕೊನೆಯ ಸಾಲಿನ ಅಕ್ಷರಗಳೆಲ್ಲ ಬಲಕ್ಕೆ ಬಾಯಿ ತೆರೆದಿದ್ದವು, ಸಂಶಯವೇ ಇಲ್ಲ. ಮಕ್ಕಳೋ ಮೇಲೆ, ಕೆಳಗೆ, ಎಡಕ್ಕೆ ಎಂದು ಸಿಕ್ಕಸಿಕ್ಕ ಕಡೆ ತೋರಿಸುತ್ತಿದ್ದರು.

"ಮಿಸ್, ಸಚ್ಚಿ, ಊಪರ್ ಹೈ," ನಿಜವಾಗಿಯೂ ಮೇಲಕ್ಕಿದೆ ಎಂದು ಬೆರಳೆತ್ತಿದಳು ಅನನ್ಯಾ ಎಂಬ ಹುಡುಗಿ.

"ಝೂಟ್ ನಹೀ ಬೋಲ್ತೇ," ಎಂದು ಸುಳ್ಳಾಡಬಾರದೆಂಬ ಬುದ್ಧಿವಾದದ ಜೊತೆಗೆ ಸೊನ್ನೆಯನ್ನೂ ಕೊಟ್ಟೆ.

ನಲವತ್ತೆರಡರಲ್ಲಿ ನಲವತ್ತೊಂದು ಫೇಲು. ಪಾಸಾದವನು ಒಬ್ಬನೇ. ಬೇಗ ಆಡಲು ಹೋಗಬೇಕೆಂದು ಎಲ್ಲದಕ್ಕೂ ಬಲಗಡೆ ತೋರಿಸಿ ಓಡಿದವನು.

"ತಮ್ಮ ಮಗುವಿನ ದೃಷ್ಟಿಯು ಆತಂಕಕಾರಿಯಾಗಿ ಕ್ಷೀಣಿಸಿದೆ" ಎಂಬ ಒಕ್ಕಣೆಯ ಚೀಟಿಯನ್ನು ಮನೆಮನೆಗೂ ಕಳಿಸಿದೆ. ಒಂದಿಡೀ ತರಗತಿಯನ್ನು ಕುರುಡಿನಿಂದ ಪಾರುಮಾಡಿದ ಸಂತೃಪ್ತಿ ನನಗೆ.

ಮರುದಿನ ಬೆಳಿಗ್ಗೆ ತಾಯಂದಿರ ಸೈನ್ಯ ನನ್ನ ಕೋಣೆಯ ಮುಂದೆ. ಮಗಳು ಎಂಟನೇ ಮಹಡಿಯ ಬಾಲ್ಕನಿಯಿಂದ ಕೆಳಗಿನ ಸ್ಕೂಟರಿನ ನಂಬರ್ ಓದುತ್ತಾಳೆ ಎಂದು ಅನನ್ಯಾಳ ತಾಯಿ ಹಿಂದಿಯಲ್ಲಿ ರೇಗಿದರು. ಆಮೇಲೆ ತಮ್ಮಷ್ಟಕ್ಕೆ ತಾವೇ ಗೊಣಗಿಕೊಂಡರು, "ಮೊದಲು ಈ ಹುಡುಗಿ ತನ್ನ ಕಣ್ಣು ತೋರಿಸ್ಕೊಳ್ಳಲಿ."

ಕನ್ನಡ! ಮೂರು ತಿಂಗಳಲ್ಲಿ ಎದುರಿಗೆ ಕೇಳಿದ ಮೊದಲ ಕನ್ನಡ. ಇನ್ನೂ ನಾಲ್ಕು ಮಾತು ಬೈಯಲಿ ಅನ್ನಿಸಿತು.

"ನಿಮ್ಮದು ಯಾವ ಊರು?" ಎಂದೆ.

"ಊರು ಆಮೇಲೆ. ಮೊದಲು ಮಗು ವಿಷಯ ಹೇಳಮ್ಮ."

ಪ್ರಿನ್ಸಿಪಾಲ್ ಮೇಡಂ ಕಣ್ಣಿನ ಡಾಕ್ಟರನ್ನು ಕರೆಸಿದರು. ಅವರು ನೋಡಿದರೆ ಮಕ್ಕಳದೆಲ್ಲ ಹದ್ದಿನ ಕಣ್ಣು. ಕನ್ನಡಕ ಬೇಕಾಗಿದ್ದು ಒಬ್ಬನಿಗೇ. ನಾನು ಪಾಸು ಮಾಡಿದವನಿಗೆ.

"ಪರೀಕ್ಷೆ ಮಾಡುವಾಗ ನೀವೆಲ್ಲಿ ನಿಂತಿದ್ದಿರಿ?" ಎಂದು ಡಾಕ್ಟರು ಕೇಳಿದರು. ತೋರಿಸಿದೆ. "ಅಲ್ಲೇ ನಿಂತು ಕೊನೆಯ ಸಾಲು ಓದಿ."

ಬಲ, ಬಲ, ಬಲ ಎಂದು ಧೈರ್ಯವಾಗಿ ಓದಿದೆ. ಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಕೊನೆಗೆ ಅನನ್ಯಾ ತೀರ್ಪು ಕೊಟ್ಟಳು, "ಮಿಸ್ ಫೇಲ್."

ನಮ್ಮೂರ ಶಾಲೆಯಲ್ಲಿ ಯಾರೂ ನನ್ನ ಕಣ್ಣು ನೋಡಿರಲಿಲ್ಲ. ಮೊದಲ ಬೆಂಚಿನಿಂದಾಚೆ ಬೋರ್ಡು ಯಾರಿಗೂ ಕಾಣುವುದಿಲ್ಲ, ಹಿಂದೆ ಕೂತವರು ದಡ್ಡರಾಗುವುದೇ ಅದಕ್ಕೆ ಎಂದು ನಂಬಿಕೊಂಡೇ ಡಿಗ್ರಿ ಮುಗಿಸಿದ್ದೆ.

"ಕಣ್ಣು ಸರಿಯಿದೆ ಅಂತ ಸರ್ಟಿಫಿಕೇಟ್ ತನ್ನಿ. ಇಲ್ಲವಾದರೆ ಊರಿಗೆ ಟಿಕೆಟ್ ತೆಗೆಸಿ," ಎಂದರು ಮೇಡಂ.

ವಾರದ ನಂತರ ಡಾಕ್ಟರು ಅದನ್ನು ನನ್ನ ಕೈಗಿತ್ತರು. "ಕನ್ನಡಕ ಸಹಿತ ಕೆಲಸಕ್ಕೆ ಯೋಗ್ಯಳು." ಎಸ್‌ಟಿಡಿ ಬೂತಿಗೆ ಹೋಗಿ, ಫೋನಿನಲ್ಲಿ ಅಮ್ಮನಿಗೆ ನಡೆದದ್ದನ್ನೆಲ್ಲ ಹೇಳಿ, ಸರ್ಟಿಫಿಕೇಟನ್ನೂ ಓದಿದೆ.

"ಅಲ್ಲಿ ನಮ್ಮೋರು ಒಬ್ಬರೂ ಇಲ್ಲ ಅಂತ ಪ್ರತಿ ಭಾನುವಾರ ಅಳ್ತಿದ್ದೆಯಲ್ಲೇ," ಎಂದಳು ಅಮ್ಮ. "ಈಗ ಕನ್ನಡಕ ಹಾಕ್ಕೊಂಡು ಇನ್ನೊಂದ್ಸಲ ನೋಡು."